ಬಾಳೆಗೆ ಕೊಟ್ಟ ಔಷಧಿ

ನಮ್ಮನೆಯವರು ಬಾಳೆಹಣ್ಣು ತಿನ್ನಲ್ಲ. ಐರ್ಲೆಂಡಿಗೆ ಬಂದ ಮೇಲೆ ಹತ್ತಿದ ಚಾಳಿ ಅಲ್ಲ ಇದು, ಊರಲ್ಲಿದ್ದಾಗಲೂ ಅಷ್ಟೇ. ಪೂಜೆಗಿಟ್ಟ ಹಣ್ಣನ್ನ ಕಣ್ಣಿಗೊತ್ತಿಕೊಂಡು ಮೆಲ್ಲಗೆ ನನ್ನ ಕೈಗೆ ದಾಟಿಸಿಬಿಡೋರು. ಬಾಳೆ ತೋಟದಲ್ಲೇ ಹುಟ್ಟಿ ಬೆಳೆದ ಮನುಷ್ಯ ಹಣ್ಣು ಕಂಡರೆ ಮುಖ ತಿರುಗಿಸ್ತಾರಲ್ಲ, ಇದೆಂಥ ಜಂಬ ಅಂತ ಮದುವೆಯಾದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯೋದು. ಒಂದು ದಿನ ಕೇಳಿಯೇಬಿಟ್ಟೆ. "ಬಾಳೆಕಂದು ನೆಟ್ಟಾಗಿಂದ ಗೊನೆ ಇಳಿಸೋವರೆಗೂ ಅದಕ್ಕೆ ಏನೇನು ಕೊಟ್ಟಿದೀನಿ ಅಂತ ನಂಗೊತ್ತು ಕಣೆ" ಅಂದರು. ಅಷ್ಟು ಹೇಳಿ ಮಜ್ಜಿಗೆ ಕಲಸಿಕೊಂಡು ಊಟ ಮುಗಿಸಿದರು.

ಅವರ ಊರು ಗುಂಡ್ಲುಪೇಟೆ ಕಡೆ. ನಾನು ಮೈಸೂರಿನವಳು, ನರ್ಸು. ಹೆಣ್ಣು ನೋಡೋಕೆ ಬಂದಾಗ ನಮ್ಮಪ್ಪ, ಇವಳು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡೋದರಲ್ಲಿ ಎತ್ತಿದ ಕೈ, ಮಕ್ಕಳೂ ಅಳಲ್ಲ ಅಂತ ಹೊಗಳಿದರು. ಅದಕ್ಕೆ ಇವರು, ಅಷ್ಟೊತ್ತೂ ಬಾಯಿ ಬಿಡದೆ ಉಪ್ಪಿಟ್ಟು ತಿಂತಾ ಕೂತಿದ್ದವರು, "ನಾನೂ ದಿನಾ ಇಂಜೆಕ್ಷನ್ ಕೊಡ್ತೀನಿ ಸಾರ್. ನಮ್ಮ ಪೇಷಂಟುಗಳೂ ಅಳಲ್ಲ" ಅಂದರು. ಎಲ್ಲರೂ ನಕ್ಕರು. ನಾನು ಒಪ್ಪಿದ್ದೇ ಆ ಮಾತಿಗೆ. ಅದು ತಮಾಷೆ ಅಲ್ಲ, ನಿಜಾನೇ ಅಂತ ಗೊತ್ತಾಗಿದ್ದು ಮದುವೆಯಾಗಿ ತೋಟಕ್ಕೆ ಹೋದ ಮೇಲೆ.

ಬಾಳೆ ಕಾಂಡದೊಳಗೆ ಒಂದು ಹುಳ ಸೇರುತ್ತೆ. ಕರೀದು, ಮುಂದೆ ಉದ್ದ ಮೂತಿ, ಅದಕ್ಕೆ ಮೂತಿ ಹುಳ ಅಂತಲೇ ಹೆಸರು. ಅದು ಮೊಟ್ಟೆ ಇಟ್ಟು, ಮರಿ ಒಳಗೊಳಗೇ ಕಾಂಡ ತಿಂದು ಜಾಲರಿ ಮಾಡಿಬಿಡುತ್ತೆ. ಹೊರಗೆ ಏನೂ ಕಾಣಲ್ಲ, ಅಲ್ಲೊಂದು ಇಲ್ಲೊಂದು ಅಂಟು ಸೋರಿರುತ್ತೆ ಅಷ್ಟೇ. ಗೊನೆ ಬಲಿತು ಭಾರ ಆಯ್ತೋ, ಗಿಡ ನಡುವಲ್ಲಿ ಮುರಿದು ಬಿತ್ತು. ಇದಕ್ಕೆ ಇವರು ಸಿರಿಂಜಲ್ಲಿ ಔಷಧಿ ಎಳೆದು ಕಾಂಡಕ್ಕೆ ಚುಚ್ಚೋರು. ಕಾಯಿ ಮೇಲೆ ತುಕ್ಕಿನ ಹಾಗೆ ಮಚ್ಚೆ ಮಾಡೋ ಇನ್ನೊಂದು ಸಣ್ಣ ಹುಳ ಇದೆ, ಅದಕ್ಕೆ ಹೂ ಮೂಡಿದ ತಕ್ಷಣ ಹೂವಿಗೇ ಇಂಜೆಕ್ಷನ್. ನೆಡೋ ಮುಂಚೆ ಕಂದನ್ನ ಔಷಧಿ ಬಾನಿಯಲ್ಲಿ ಅದ್ದೋದು. ಬುಡಕ್ಕೆ ಹರಳು ಔಷಧಿ ಎರಚೋದು. ಮಿಕ್ಕಿದ್ದಕ್ಕೆಲ್ಲ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲು ಸಾಲು ಹೊಡೆಯೋದು. ನಾನು ತೋಟದ ಬದುವಲ್ಲಿ ನಿಂತು ನೋಡಿದ್ದೀನಿ: ಮುಖಕ್ಕೆ ಒಂದು ಟವೆಲ್, ಕಾಲಲ್ಲಿ ಚಪ್ಪಲಿಯೂ ಇಲ್ಲ, ಬಕೀಟಿನೊಳಗೆ ಮೊಣಕೈವರೆಗೂ ಕೈಬಿಟ್ಟು ಕಲಸ್ತಿದ್ದರು. ನಾವು ಆಸ್ಪತ್ರೆಯಲ್ಲಿ ಗ್ಲೌಸ್ ಇಲ್ಲದೆ ಗಾಯ ಮುಟ್ಟಲ್ಲ ಅಂದರೆ, "ನಿಮ್ಮ ಪೇಷಂಟುಗಳು ದೊಡ್ಡ ಮನುಷ್ಯರು" ಅಂತ ಕಿಚಾಯಿಸೋರು. ಸಂಜೆ ಸೋಪು ಹಾಕಿ ಎಷ್ಟು ಉಜ್ಜಿದರೂ ಮೈಯಿಂದ ಆ ವಾಸನೆ ಹೋಗ್ತಿರಲಿಲ್ಲ. ದಿಂಬಿಗೂ ಹತ್ತಿರೋದು.

ಆ ಊರಲ್ಲಿ ಔಷಧಿ ಅಂದರೆ ಇದೇ. ಮೈಸೂರಿನವಳಿಗೆ ನನಗೇನು ಗೊತ್ತು? ಮದುವೆಯಾದ ಮೊದಲ ಮಳೆಗಾಲ ಇವರಿಗೆ ಕೆಮ್ಮು. ನಾನೇ ಸಿರಪ್ ತಂದು ಕೊಟ್ಟೆ. ಪಕ್ಕದ ಮನೆಯಾಕೆ ನೀರು ಹಿಡಿಯೋಕೆ ಬಂದವಳು, ಎಲ್ಲಿ ನಿಮ್ಮ ಯಜಮಾನ್ರು, ಕಾಣ್ತಿಲ್ಲ ಅಂದಳು. "ಔಷಧಿ ಕುಡಿದು ಮಲಗಿದಾರೆ" ಅಂದೆ ನಾನು. ಕೊಡ ಅಲ್ಲೇ ಬಿಟ್ಟು ಓಡಿದಳು. ನೋಡನೋಡ್ತಾ ಅರ್ಧ ಊರು ನಮ್ಮ ಅಂಗಳದಲ್ಲಿ. ಯಾರೋ ಸೋಪಿನ ನೀರು ಕಲಸ್ತಿದ್ದಾರೆ, ಯಾರೋ ಆಟೋ ತರಿಸ್ತಿದ್ದಾರೆ, ನನ್ನ ಮೈದುನ ಗೊಳೋ ಅಂತ ಅಳ್ತಾ ಒಳಗೆ ನುಗ್ಗಿದರೆ ಇವರು ಕಂಬಳಿ ಹೊದ್ದು ಗೊರಕೆ ಹೊಡೀತಾ ಇದ್ದಾರೆ. ಔಷಧಿ ಕುಡಿದ ಅಂದರೆ ಅಲ್ಲಿ ಒಂದೇ ಅರ್ಥ. ಸಾಯೋಕೆ ಹೋದ ಅಂತ. ಬದುಕೋಕೆ ತಗೊಳ್ಳೋದಕ್ಕೆ ಮಾತ್ರೆ ಅನ್ನಬೇಕು, ಟಾನಿಕ್ ಅನ್ನಬೇಕು. ಆ ಕಥೆ ಹೇಳಿಕೊಂಡು ಎಷ್ಟೋ ವರ್ಷ ನಕ್ಕಿದ್ದೀವಿ.

ಆಮೇಲೆ ನನಗೆ ಇಲ್ಲಿ, ಡಬ್ಲಿನ್ ಹತ್ತಿರದ ನೇಸ್ ಅನ್ನೋ ಊರಲ್ಲಿ, ನರ್ಸಿಂಗ್ ಹೋಮ್ ಕೆಲಸ ಸಿಕ್ಕಿತು. ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ ಆಸ್ಪತ್ರೆ ಅನ್ಕೋತಾರೆ. ಇಲ್ಲಿ ಅದು ವಯಸ್ಸಾದವರನ್ನ ಕೊನೆವರೆಗೂ ನೋಡಿಕೊಳ್ಳೋ ಜಾಗ. ನಾನು ಮೊದಲು ಬಂದೆ, ಇವರು ತೋಟ ತಮ್ಮನ ಕೈಗೆ ಕೊಟ್ಟು ಹಿಂದಿನಿಂದ ಬಂದರು. ಬಂದು ಸಿಕ್ಕ ಕೆಲಸವಾದರೂ ಏನು? ಬಾಳೆಹಣ್ಣಿನ ಗೋದಾಮು. ಹಡಗಿನಲ್ಲಿ ಹಸಿರು ಕಾಯಿ ಬರುತ್ತೆ, ಕೋಣೆಗಳಲ್ಲಿಟ್ಟು ಗ್ಯಾಸ್ ಬಿಟ್ಟು ಹಣ್ಣು ಮಾಡ್ತಾರೆ, ಅಂಗಡಿಗಳಿಗೆ ಕಳಿಸ್ತಾರೆ. ಬಾಕ್ಸ್ ತೆರೆದು ನೋಡಿ, ಮಚ್ಚೆ ಬಿದ್ದ ಚಿಪ್ಪುಗಳನ್ನ ಪಕ್ಕಕ್ಕೆ ತಳ್ಳೋದು ಇವರ ಕೆಲಸ. ಬಾಕ್ಸ್ ಮುಟ್ಟೋಕೂ ಗ್ಲೌಸ್ ಕೊಟ್ಟಿದ್ದಾರೆ. ಮೊದಲ ದಿನ ಮನೆಗೆ ಬಂದವರು ಷೂ ಕೂಡ ಬಿಚ್ಚದೆ ಹೇಳಿದರು: "ಸಾಲು ಸಾಲು ಬಾಕ್ಸ್ ಕಣೆ, ಒಂದು ಹುಳದ ಕಲೆ ಇಲ್ಲ. ಎಲ್ಲೋ ಒಬ್ಬ ನನ್ನಂಗೇ ಹೊಡೆದಿದಾನೆ."

ಮೂಗು ಹೋಗಿದ್ದು ಇಲ್ಲಿಗೆ ಬಂದು ಕೆಲವು ವರ್ಷಕ್ಕೆ. ಒಂದು ಭಾನುವಾರ ಒಲೆ ಮೇಲೆ ಒಗ್ಗರಣೆ ಇಟ್ಟು ನಾನು ಬಟ್ಟೆ ಒಣಹಾಕೋಕೆ ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ ಅಡುಗೆಮನೆ ತುಂಬ ಹೊಗೆ, ಮೆಣಸಿನಕಾಯಿ ಘಾಟು, ಮಗಳು ಕೆಮ್ತಾ ಕಿಟಕಿ ತೆಗೀತಿದ್ದಾಳೆ, ಇವರು ಅಲ್ಲೇ ಮೇಜಿನ ಮುಂದೆ ಫೋನ್ ನೋಡ್ತಾ ಕೂತಿದ್ದಾರೆ. ಏನ್ರೀ, ಮೂಗಿಗೆ ಬೀಗ ಹಾಕಿದೀರಾ ಅಂತ ರೇಗಿದೆ. ಅವರು ನಿಧಾನಕ್ಕೆ ಆಕಡೆ ಈಕಡೆ ಮೂಸಿ ನೋಡಿ, "ನಂಗೇನೂ ವಾಸನೆ ಬರ್ತಿಲ್ಲ ಕಣೆ" ಅಂದರು. ಆಮೇಲೆ ತಮ್ಮ ಅಂಗೈನೇ ಮೂಸಿಕೊಂಡರು. ಮುಖ ಅರಳಿತು. "ಹೋಯ್ತು. ಔಷಧಿ ವಾಸನೆ ಕೊನೆಗೂ ಹೋಯ್ತು." ಅಲ್ಲಿವರೆಗೂ ಆ ವಾಸನೆ ಅವರ ಮೂಗಲ್ಲೇ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ಖುಷಿಪಡ್ತಾರಲ್ಲ ಅಂತ ನಾನೂ ಸುಮ್ಮನಾದೆ.

ಕೈ ನಡುಗೋಕೆ ಶುರುವಾದಾಗ "ಚಳಿ ಕಣೆ" ಅಂದರು. ಗೋದಾಮಲ್ಲಿ ಚಳಿ ನಿಜ. ಆದರೆ ಮನೆಯಲ್ಲಿ ಹೀಟಿಂಗ್ ಹಾಕಿ, ಸೋಫಾದಲ್ಲಿ ಟೀವಿ ಮುಂದೆ ಕೂತಿರೋವಾಗ ಯಾವ ಚಳಿ? ಅದೂ ಒಂದೇ ಕೈಗೆ? ಬಲಗೈ ತೊಡೆ ಮೇಲೆ ಬಿದ್ದಿದೆ, ಹೆಬ್ಬೆರಳೂ ತೋರುಬೆರಳೂ ತಮ್ಮ ಪಾಡಿಗೆ ತಾವು ವಿಭೂತಿ ಉಜ್ಜೋ ಹಾಗೆ ಉಜ್ಜಿಕೊಳ್ತಿವೆ. ಆ ಬೆರಳುಗಳನ್ನ ನಾನು ದಿನಾ ನೋಡ್ತೀನಿ. ನಮ್ಮ ನರ್ಸಿಂಗ್ ಹೋಮಲ್ಲಿ ಅಂಥ ಬೆರಳಿನ ಅಜ್ಜಂದಿರಿಗೆ ನಾನೇ ಚಮಚದಲ್ಲಿ ಗಂಜಿ ಕುಡಿಸ್ತೀನಿ, ನಾನೇ ಗುಂಡಿ ಹಾಕ್ತೀನಿ. ಅವರ ಮುಖ ಹೇಗೆ ಬರಬರುತ್ತಾ ನಗೋದನ್ನ ಮರೆಯುತ್ತೆ, ಆಮೇಲೆ ಕಾಲು ಹೇಗೆ ಬಾಗಿಲ ಹತ್ತಿರ ನೆಲಕ್ಕೆ ಅಂಟಿಕೊಳ್ಳುತ್ತೆ, ಕೊನೆಗೆ ಗಂಟಲು ಹೇಗೆ ನುಂಗೋದನ್ನ ನಿಲ್ಲಿಸುತ್ತೆ, ಎಲ್ಲ ಗೊತ್ತು. ಗೊತ್ತಿರೋದು ಒಂದು ಶಾಪ. ಇವರಿಗಿನ್ನೂ ಐವತ್ತಾಗಿರಲಿಲ್ಲ.

ಡಬ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ಚಳಿಗಾಲ ಕಳೆದು ಬೇಸಿಗೆ ಬಂದಿತ್ತು. ಅಷ್ಟರಲ್ಲಿ ಇವರು ಫೋನಲ್ಲಿ ಅದೂ ಇದೂ ಓದಿಕೊಂಡು, ಔಷಧಿ ಹೊಡೆದವರಿಗೆ ಈ ನಡುಕದ ಕಾಯಿಲೆ ಹೆಚ್ಚಂತೆ ಅನ್ನೋದನ್ನ ತಿಳಿದುಕೊಂಡಿದ್ದರು. ನಾನು ಕಾರು ಓಡಿಸ್ತಾ ಇದ್ದೆ. ಮೋಟರ್‌ವೇ ಮೇಲೆ ಇದ್ದಕ್ಕಿದ್ದಂಗೆ ಅಂದರು: "ನಂಗೆ ವಾಸಿಯಾಗಲ್ಲ ಅಂತ ಗೊತ್ತು. ಡಾಕ್ಟರ ಹತ್ರ ನಂಗೆ ಬೇಕಾಗಿರೋದು ಒಂದೇ ಮಾತು. ಔಷಧಿಯಿಂದಲೇ ಬಂತು ಅಂತ ಆಯಮ್ಮ ಅಂದ್ಬಿಡ್ಲಿ ಸಾಕು. ತಮ್ಮನಿಗೆ ಹೇಳ್ತೀನಿ. ಫಾರಿನ್ ಡಾಕ್ಟ್ರು ಹೇಳಿದ್ರೆ ಅವನು ನಿಲ್ಲಿಸ್ತಾನೆ."

ನನ್ನ ಮೈದುನ ಅಂದರೆ ಇವರಿಗೆ ಪ್ರಾಣ. ಇವರಿಗಿಂತ ತುಂಬ ಚಿಕ್ಕವನು. ಅವನಿಗೆ ಪಂಪು ಬೆನ್ನಿಗೆ ಕಟ್ಟಿಕೊಟ್ಟವರು, ಸಿರಿಂಜು ಹಿಡಿಯೋದು ತೋರಿಸಿದವರು ಇವರೇ. ಇವರು ಇಲ್ಲಿಗೆ ಬಂದ ಮೇಲೆ ಅವನೊಬ್ಬನೇ ತೋಟದ ಉದ್ದಗಲಕ್ಕೂ ಹೊಡೀತಿದ್ದಾನೆ.

ಡಾಕ್ಟರು ನರೆಗೂದಲಿನ ಐರಿಷ್ ಹೆಂಗಸು, ಮಾತು ಮೆತ್ತಗೆ. ನಡೆಸಿ ನೋಡಿದರು, ಬೆರಳು ತಟ್ಟಿಸಿ ನೋಡಿದರು, ವಾಸನೆ ಗೊತ್ತಾಗುತ್ತಾ ಅಂತ ಕೇಳಿ, ಈ ಕಾಯಿಲೆಯಲ್ಲಿ ಎಷ್ಟೋ ಜನಕ್ಕೆ ಮೊದಲು ಹೋಗೋದು ಅದೇ ಅಂದರು. ಆಮೇಲೆ, ಹಿಂದೆ ಯಾವುದಾದರೂ ಮೆಡಿಸಿನ್ ತಗೊಳ್ತಿದ್ರಾ ಅಂತ ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಇವರು ಶುರು ಮಾಡಿದರು. "ಎಸ್ ಡಾಕ್ಟರ್. ಮೆಡಿಸಿನ್ ಐ ವಾಸ್ ಗಿವಿಂಗ್. ಮೆನಿ ಇಯರ್ಸ್. ಇಂಜೆಕ್ಷನ್ ಆಲ್ಸೋ."

ಡಾಕ್ಟರ ಮುಖ ಬೆಳಗಿತು. ಓ, ನೀವೂ ವೈದ್ಯರಾ ಅಂದರು.

"ನೋ ನೋ. ಫಾರ್ ಬನಾನಾ."

ಡಾಕ್ಟರು ನನ್ನ ಕಡೆ ನೋಡಿದರು. ತಲೆಗೂ ಏನೋ ಆಗಿದೆಯಾ ಅನ್ನೋ ನೋಟ ಅದು, ನನಗೆ ಗೊತ್ತಾಗಲ್ವಾ? ಬೇರೆ ದಿನ ಆಗಿದ್ದರೆ ಬಿದ್ದು ಬಿದ್ದು ನಗ್ತಿದ್ದೆ. ನಮ್ಮ ಭಾಷೆಯಲ್ಲಿ ಅದಕ್ಕೂ ಇದಕ್ಕೂ ಒಂದೇ ಮಾತು ಡಾಕ್ಟರ್, ಹುಳ ಸಾಯಿಸೋದಕ್ಕೂ ಔಷಧಿ ಅಂತೀವಿ, ಮನುಷ್ಯರನ್ನ ಉಳಿಸೋದಕ್ಕೂ ಔಷಧಿ ಅಂತೀವಿ ಅಂತ ಬಿಡಿಸಿ ಹೇಳಿದೆ. ಇವರು ಏನೇನು ಮಾಡ್ತಿದ್ದರು, ಹೇಗೆ ಬರಿಗೈಯಲ್ಲಿ ಕಲಸ್ತಿದ್ದರು, ಅದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಕೇಳು, ಅದರಿಂದಲೇ ಬಂದಿದ್ದಾ ಅಂತ ಕೇಳು" ಅಂತ ಇವರು ನನ್ನ ಸೆರಗು ಜಗ್ಗಿದ ಹಾಗೆ ಕೋಟಿನ ತೋಳು ಜಗ್ಗಿದರು.

ಕೇಳಿದೆ. ಅಂಥ ಕೆಲಸ ಮಾಡಿದವರಲ್ಲಿ ಈ ಕಾಯಿಲೆ ಹೆಚ್ಚು ಕಾಣುತ್ತೆ ಅನ್ನೋದು ನಿಜ, ಆದರೆ ಒಬ್ಬ ಮನುಷ್ಯನನ್ನ ಮುಂದೆ ಕೂರಿಸಿಕೊಂಡು ನಿನಗೆ ಇದರಿಂದಲೇ ಬಂತು ಅಂತ ನಾನು ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ ಅಂದರು ಡಾಕ್ಟರು. ಅವರದು ಸುಳ್ಳಲ್ಲ. ಸುಳ್ಳು ಹೇಳದ ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಯಿಲೆ ಹೆಸರು ಕೇಳಿದಾಗಲೂ ಅಷ್ಟು ಇಳಿದುಹೋಗಿರಲಿಲ್ಲ ಇವರ ಮುಖ.

ಮಾರನೇ ದಿನ ತಮ್ಮನಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿತ್ತು. ಕಾಯಿಲೆ ವಿಷಯ ಹೇಳಿದರು, ಅವನು ಅತ್ತ. ಆಮೇಲೆ ಇವರು ಔಷಧಿ ಮಾತು ತೆಗೆದರು.

"ಔಷಧಿಯಿಂದ್ಲೇ ಅಂತ ಡಾಕ್ಟ್ರು ಹೇಳಿದ್ರಾ ಅಣ್ಣ?"

"ಹಂಗಂತ... ಹೇಳಕ್ಕಾಗಲ್ಲ ಅಂದ್ರು."

ಈ ಮನುಷ್ಯನಿಗೆ ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ಅಂತ ತಲೆ ಕೆಟ್ಟುಹೋಯ್ತು. ಫೋನ್ ಕಿತ್ತುಕೊಂಡು, "ಹೌದು ಕಣಪ್ಪ, ಹೇಳಿದ್ರು, ನಾನೇ ಕೇಳಿಸ್ಕೊಂಡೆ" ಅಂದೆ.

"ಅತ್ತಿಗೆ, ಅಣ್ಣ ಈಗತಾನೇ ಹೇಳಕ್ಕಾಗಲ್ಲ ಅಂದ್ರು ಅಂದ್ನಲ್ಲ" ಅಂದ ಅವನು. ತಪ್ಪು ಹಿಡಿಯೋ ದನಿ ಅಲ್ಲ, ಪಾಪ, ನನಗೆ ನಾಚಿಕೆ ಆಗದ ಹಾಗೆ ಮೆತ್ತಗೆ ಅಂದ. "ನಿಮ್ಮದು ಚಳಿ ದೇಶ. ಅದು ಒಗ್ಗಿಲ್ಲ ಅಣ್ಣಂಗೆ."

ಆದರೂ ಇವರು ಬಿಡಲಿಲ್ಲ. ವಾರ ವಾರ ಅದೇ ಜಪ. ಕೊನೆಗೆ ಅಣ್ಣನ ಮಾತಿಗೆ ಕಟ್ಟುಬಿದ್ದು ಅವನು ಒಂದು ಬೆಳೆಗೆ ಔಷಧಿ ನಿಲ್ಲಿಸಿದ. ಬೇವಿನೆಣ್ಣೆ ಹೊಡೆದ. ಬಾಳೆದಿಂಡು ಸೀಳಿ ಗಿಡದ ಬುಡದಲ್ಲಿಟ್ಟು, ಅದರ ವಾಸನೆಗೆ ಬಂದು ಕೂರೋ ಮೂತಿ ಹುಳಗಳನ್ನ ಬೆಳಿಗ್ಗೆ ಎದ್ದು ಆರಿಸಿ ಸೀಮೆಎಣ್ಣೆಗೆ ಹಾಕಿದ. ಇವರು ಇಲ್ಲಿಂದಲೇ ಹಾಗೆ ಮಾಡು, ಹೀಗೆ ಮಾಡು, ಒಣಗಿದ ಗರಿ ತೆಗಿ ಅಂತ ಹುರಿದುಂಬಿಸೋರು. ಆ ತಿಂಗಳುಗಳಲ್ಲಿ ಇವರ ಮುಖದಲ್ಲಿ ಕಳೆ ಇತ್ತು. ಗೋದಾಮಿಂದ ಬಂದವರೇ ಫೋನ್ ಹಿಡಿಯೋರು, ಅವನು ಕಳಿಸಿದ ಗೊನೆ ಫೋಟೋನ ಮಗಳಿಗೆ ತೋರಿಸೋರು. ಅವಳು "ಲುಕ್ಸ್ ಗ್ರ್ಯಾಂಡ್ ಅಪ್ಪ" ಅಂತ ತನ್ನ ಐರಿಷ್ ರಾಗದಲ್ಲಿ ಹೇಳಿ ಓಡಿದರೆ, ಅದನ್ನೇ ತಮ್ಮನಿಗೆ, "ಗ್ರ್ಯಾಂಡಾಗೈತೆ ಅಂದ್ಳು ಕಣೋ" ಅಂತ ವರದಿ ಒಪ್ಪಿಸೋರು.

ಸುತ್ತಮುತ್ತಲ ತೋಟದವರೆಲ್ಲ ಔಷಧಿ ಹೊಡೀತಿದ್ದರು. ಹುಳಕ್ಕೇನು, ಬೇಲಿ ಕಾಣುತ್ತಾ? ಎಲ್ಲ ಬಂದು ಇವನ ತೋಟ ಸೇರಿಕೊಂಡವು. ಗೊನೆ ಮುಕ್ಕಾಲು ಬಲಿತಿದ್ದಾಗ ಗಿಡಗಳು ಒಂದಾದ ಮೇಲೊಂದು ಮುರಿದು ಬೀಳೋಕೆ ಶುರುವಾದವು. ನಿಂತ ಗಿಡಗಳ ಕಾಯಿಗೆಲ್ಲ ತುಕ್ಕು ಮಚ್ಚೆ. ವ್ಯಾಪಾರಿ ಬಂದು, ಲಾರಿಯಿಂದ ಕೆಳಗೂ ಇಳಿಯದೆ ಹೋದನಂತೆ. ಮೈದುನ ಬೈಯಲಿಲ್ಲ, ಅಳಲಿಲ್ಲ. "ಅಣ್ಣ, ನೀನು ಹೇಳ್ದಂಗೆ ಕೇಳ್ದೆ. ಇನ್ನು ನನ್ನ ಪಾಡಿಗೆ ನನ್ನ ಬಿಡು" ಅಂದ. ಮುಂದಿನ ಬೆಳೆಗೆ ಕಳೆದ ಬಾರಿ ಹೊಡೀದೆ ಬಿಟ್ಟಿದ್ದನ್ನೂ ಸೇರಿಸಿ ಹೊಡೆದ.

"ಮಚ್ಚೆ ಇದ್ರೆ ಏನಾಗುತ್ತೆ? ಒಳಗಿನ ಹಣ್ಣಿಗೆ ಏನಾಗಿರುತ್ತೆ? ಆ ವ್ಯಾಪಾರಿಗೇನು ಬಂದಿದೆ ರೋಗ?" ಅಂತ ಇವರು ಮನೆಯೆಲ್ಲ ಓಡಾಡಿಕೊಂಡು ಕೂಗಾಡಿದರು. ಓಡಾಟ ಆಗಲೇ ಕುಂಟು ಬಿದ್ದಿತ್ತು, ಬಲಗಾಲು ಎಳೀತಿತ್ತು. ನನಗೂ ಅವತ್ತು ಸಾಕಾಗಿತ್ತು. "ನೀವು ದಿನಾ ಗೋದಾಮಲ್ಲಿ ಮಾಡೋದೇನ್ರೀ ಮತ್ತೆ? ಮಚ್ಚೆ ಇದ್ದಿದ್ದನ್ನ ಪಕ್ಕಕ್ಕೆ ತಳ್ಳೋರು ನೀವೇ ಅಲ್ವಾ?" ಅಂದುಬಿಟ್ಟೆ.

ನಿಂತರು. ಆಮೇಲೆ ಮೆತ್ತಗೆ, "ಹೂಂ, ನಾನೇ" ಅಂದರು. ಕೈ ನಡುಗಿ ಬಾಕ್ಸ್ ತೆರೆಯೋಕಾಗದ ಮೇಲೆ ಆ ಕೆಲಸವೂ ಬಿಟ್ಟು ಹೋಯ್ತು. ಈಗ ಮನೆಯಲ್ಲೇ ಇದ್ದಾರೆ. ನಾನು ಡ್ಯೂಟಿಯಲ್ಲಿ ಬೇರೆಯವರ ಗುಂಡಿ ಹಾಕಿ ಬಂದು, ಮನೆಯಲ್ಲಿ ಇವರ ಗುಂಡಿ ಹಾಕ್ತೀನಿ. ಹೊತ್ತು ಹೊತ್ತಿಗೆ ಮಾತ್ರೆ ಇದೆ, ಅದರ ಶಕ್ತಿ ಇಳಿದರೆ ಇವರು ಕೂತಲ್ಲೇ ಮರಗಟ್ಟಿ ಹೋಗ್ತಾರೆ. ಡ್ಯೂಟಿಯಿಂದ ಫೋನ್ ಮಾಡಿ, "ಔಷಧಿ ತಗೊಂಡ್ರಾ?" ಅಂತ ಕೇಳ್ತೀನಿ, ಅಭ್ಯಾಸಬಲ. "ಮಾತ್ರೆ ಅನ್ನು" ಅಂತಾರೆ. ದಿನಾ ತಿದ್ದುತ್ತಾರೆ. ಮೊದಲೆಲ್ಲ ಇದನ್ನ ತಮಾಷೆಗೆ ಅಂತಿದ್ದರು, ಈಗ ತಮಾಷೆಗೆ ಅಂತಾರೋ ಇಲ್ಲವೋ ಮುಖ ನೋಡಿದರೂ ತಿಳಿಯಲ್ಲ. ಮುಖ ನಗೋದನ್ನ ಮರೆತಿದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮೈದುನ ವಿಡಿಯೋ ಕಾಲ್ ಮಾಡಿದ. ಅಲ್ಲಿ ಮಧ್ಯಾಹ್ನ ದಾಟಿದ ಬಿಸಿಲು. ಈ ಸಲ ಬೆಳೆ ಭರ್ಜರಿ ಬಂದಿದೆ, ಅಣ್ಣಂಗೆ ತೋರಿಸಿದರೆ ಖುಷಿಯಾಗುತ್ತೆ ಅಂತ ತೋಟದ ನಡುವೆ ನಿಂತು ಮಾಡಿದ್ದ. ಔಷಧಿ ಮಾತು ನಮ್ಮಲ್ಲಿ ಯಾರೂ ಎತ್ತೋದಿಲ್ಲ ಈಗ. ನಾನು ಇವರಿಗೆ ಇಡ್ಲಿ ಮುರಿದು ತಿನ್ನಿಸ್ತಾ ಇದ್ದೆ, ಫೋನನ್ನ ಸಾಂಬಾರಿನ ಪಾತ್ರೆಗೆ ಒರಗಿಸಿಟ್ಟಿದ್ದೆ. ಅವನ ಮುಖ, ಅವನ ಹಿಂದೆ ಗೊನೆ ಹೊತ್ತ ಗಿಡಗಳು. ಎಲ್ಲ ಅಲ್ಲಾಡ್ತಿತ್ತು.

"ಫೋನ್ ಸರಿಯಾಗಿ ಹಿಡ್ಕೊಳಪ್ಪ, ನನಗೆ ತಲೆ ತಿರುಗ್ತಿದೆ" ಅಂದೆ.

"ಗಾಳಿ ಅತ್ತಿಗೆ. ಇಲ್ಲಿ ಭಾರಿ ಗಾಳಿ."

ಇವರು ಅಗಿಯೋದು ನಿಲ್ಲಿಸಿದರು. ಕಷ್ಟಪಟ್ಟು ಮುಂದಕ್ಕೆ ಬಾಗಿ ಪರದೆ ಹತ್ತಿರ ಮುಖ ತಂದರು. ಬಾಳೆ ಎಲೆ ಎಷ್ಟು ಸೂಕ್ಷ್ಮ ಅಂತ ಬೆಳೆದವರಿಗೆ ಗೊತ್ತು, ಸಣ್ಣ ಗಾಳಿ ಬಂದರೂ ಸೀಳಿ ಪಟಪಟ ಅನ್ನುತ್ತೆ. ಅವನ ಹಿಂದೆ ಒಂದೇ ಒಂದು ಎಲೆ ಮಿಸುಕುತ್ತಿರಲಿಲ್ಲ.

"ಎಡಗೈಲಿ ಹಿಡಿ" ಅಂದರು ಇವರು. ಈಗ ಇವರ ದನಿ ತುಂಬ ಸಣ್ಣದು, ನಾನೇ ಎರಡನೇ ಸಲ ಜೋರಾಗಿ ಹೇಳಿದೆ.

ಅವನು ಕೈ ಬದಲಿಸಿದ. ಚಿತ್ರ ನಿಂತಿತು. "ನೋಡಿ, ಗಾಳಿ ನಿಂತೇಹೋಯ್ತು" ಅಂತ ನಕ್ಕ. ಖಾಲಿ ಬಲಗೈಯನ್ನ ಲುಂಗಿಯ ಮಡಿಕೆಯೊಳಗೆ ಹಾಕಿಕೊಂಡ.

ಇವರು ಬೈಯಬಹುದು, ಅಳಬಹುದು ಅಂತ ನಾನು ಇಡ್ಲಿ ತುಂಡು ಹಿಡಿದು ಕಾಯ್ತಾ ಇದ್ದೆ. ಇವರು ಕೇಳಿದ್ದು ಒಂದೇ ಮಾತು.

"ಔಷಧಿ ಹೊಡೆದಾಗ ವಾಸನೆ ಬರುತ್ತೇನೋ ನಿಂಗೆ?"

"ಇಲ್ಲ ಕಣಣ್ಣ" ಅಂದ ಅವನು, ಅಣ್ಣ ತೋಟದ ವಿಷಯ ಕೇಳಿದ ಅನ್ನೋ ಸಂತೋಷದಲ್ಲಿ. "ಈಗ ಬರೋ ಔಷಧಿ ಒಳ್ಳೇದು. ಒಂಚೂರೂ ವಾಸನೆನೇ ಇಲ್ಲ."